ಶುಶ್ರೂಷಾ ವೃತ್ತಿ ಯಾರಿಗೆ?

ಪ್ರತಿ ವರ್ಷ ದ್ವಿತೀಯ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶ ಪ್ರಕಟವಾಗಿ, ಅದರ ಬೆನ್ನಿಗೇ ನೀಟ್ ಪರೀಕ್ಷೆಯ ಅಂಕಗಳೂ ತಿಳಿದುಬಂದ ಮೇಲೆ, ವಿಜ್ಞಾನ ವಿಷಯವನ್ನು ಓದಿದ ಮಕ್ಕಳ ಮನೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಡಾಕ್ಟರಿಕೆ ಅಂತೂ ಸಿಗಲಿಲ್ಲ, ನರ್ಸಿಂಗ್ ಆದರೂ ಮಾಡಲಿ." ಈ 'ಆದರೂ' ಎಂಬ ಒಂದೇ ಶಬ್ದದಲ್ಲಿ ನಮ್ಮ ಸಮಾಜವು ಶುಶ್ರೂಷಾ ವೃತ್ತಿಗೆ ಕೊಟ್ಟಿರುವ ಸ್ಥಾನವೆಲ್ಲವೂ ಅಡಗಿದೆ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಮಿಕ್ಕಿದ್ದರು. ಅವರಲ್ಲಿ ವೈದ್ಯಕೀಯ ಸೀಟು ದೊರೆತವರು ಅತ್ಯಲ್ಪ. ಉಳಿದವರಲ್ಲಿ ಸಾವಿರಾರು ಮಕ್ಕಳು ಈ 'ಆದರೂ' ಎಂಬ ಬಾಗಿಲಿನಿಂದಲೇ ಆಸ್ಪತ್ರೆಯನ್ನು ಪ್ರವೇಶಿಸುತ್ತಾರೆ. ಹಾಗೆ ಬಂದವರಲ್ಲಿ ಕೆಲವರು ಉತ್ತಮ ದಾದಿಯರಾಗುವುದನ್ನು ನಾನು ಕಂಡಿದ್ದೇನೆ. ಆದರೆ ನಾಲ್ಕು ವರ್ಷ ಓದಿ, ಒಂದು ವರ್ಷವೂ ವಾರ್ಡಿನಲ್ಲಿ ನಿಲ್ಲಲಾರದೆ, ಸಾಲದ ಹೊರೆಯೊಂದಿಗೆ ಮನೆಗೆ ಮರಳಿದವರೂ ಕಡಿಮೆಯಿಲ್ಲ.

ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಹಳೆಯ ವಿದ್ಯಾರ್ಥಿನಿಯಾದ ನನಗೆ ತಿಳಿಸಿದಾಗ, ಶಾಲಾ ದಿನಗಳ ನೆನಪುಗಳನ್ನು ಬರೆಯಲು ನನಗಿಂತ ಸಮರ್ಥರು ಅನೇಕರಿದ್ದಾರೆಂದು ಎಣಿಸಿ, 34 ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತಳಾದ ನನಗೆ ಚೆನ್ನಾಗಿ ತಿಳಿದಿರುವ ಏಕೈಕ ವಿಷಯವನ್ನೇ ಆರಿಸಿಕೊಂಡೆನು. ಈ ಸಂಚಿಕೆಯ ವಾಚಕರಲ್ಲಿ ಗುರುಗಳಿದ್ದಾರೆ, ಈಗ ತಾಯಿತಂದೆಗಳಾಗಿರುವ ಹಳೆಯ ವಿದ್ಯಾರ್ಥಿಗಳಿದ್ದಾರೆ, ಪ್ರಸಾದ ನಿಲಯದ ಬಡ ಮಕ್ಕಳ ಫೀ ಕಟ್ಟುವ ದಾನಿಗಳಿದ್ದಾರೆ. ಮಗುವಿನ ಹೆಸರಿನಲ್ಲಿ ನಿರ್ಣಯ ಕೈಗೊಳ್ಳುವವರು ಬಹುಮಟ್ಟಿಗೆ ಈ ಮೂವರೇ. ಆದುದರಿಂದ ಈ ಮಾತುಗಳನ್ನು ಮಕ್ಕಳಿಗಿಂತ ಮೊದಲು ಹಿರಿಯರಿಗೇ ಹೇಳಬೇಕಾಗಿದೆ.

ಯಾವ ಮಗು ಶುಶ್ರೂಷಾ ವೃತ್ತಿಗೆ ತಕ್ಕದ್ದೆಂದು ವಿಚಾರಿಸುವಾಗ ನಮ್ಮಲ್ಲಿ ಕೇಳುವ ಪ್ರಶ್ನೆ ಒಂದೇ: "ಮಗಳಿಗೆ ಕರುಣೆ ಉಂಟೇ?" ಪ್ರಶ್ನೆ ಕೆಟ್ಟದ್ದೆಂದು ನಾನು ಹೇಳುವುದಿಲ್ಲ; ಸಾಲದೆಂದು ಹೇಳುತ್ತೇನೆ. ಹದಿನೇಳು ವರ್ಷದ ಮಗುವಿನಲ್ಲಿ ಕರುಣೆ ಇಲ್ಲದಿರುವುದೇ ಅಪರೂಪ. ಬೀದಿಯ ನಾಯಿಮರಿಗೆ ಹಾಲು ಹಾಕುವ ಹುಡುಗಿ, ಹುಣ್ಣು ಕೊಳೆತು ನಾರುತ್ತಿರುವ ಮಧುಮೇಹಿಯ ಪಾದವನ್ನು ಕೈಯಲ್ಲಿ ಹಿಡಿದು, ಮುಖ ಸಿಂಡರಿಸದೆ, ಅರ್ಧ ಗಂಟೆ ಡ್ರೆಸಿಂಗ್ ಮಾಡಬಲ್ಲಳೇ ಎಂಬುದು ಬೇರೆಯೇ ಪ್ರಶ್ನೆ. ರಾತ್ರಿ ಮೂರು ಗಂಟೆಗೆ ರೋಗಿಯನ್ನು ಉಳಿಸುವುದು ಕರುಣೆಗಿಂತ ಹೆಚ್ಚಾಗಿ ಅವಧಾನ. ಒಂದು ಗಂಟೆಯ ಹಿಂದೆ ನಿಮಿಷಕ್ಕೆ 90 ಇದ್ದ ನಾಡಿ ಈಗ 120 ಆಗಿದೆ, ಸಂಜೆಯಿಂದ ಮೂತ್ರ ಬಂದಿಲ್ಲ, ಸದಾ ನರಳುತ್ತಿದ್ದ ಮುದುಕ ಇದ್ದಕ್ಕಿದ್ದಂತೆ ಸುಮ್ಮನಾಗಿದ್ದಾನೆ. ಇವನ್ನು ಗಮನಿಸಿ, ಬರೆದಿಟ್ಟು, ವೈದ್ಯರನ್ನು ನಿದ್ದೆಯಿಂದ ಎಬ್ಬಿಸುವ ಧೈರ್ಯ ಇದ್ದವಳು ದಾದಿ. ಅಂತಃಕರಣವು ವಾರ್ಡಿನಲ್ಲಿ ದುಡಿಯುತ್ತ ಬೆಳೆಯುತ್ತದೆ. ಅವಧಾನವಿಲ್ಲದವರಿಗೆ ಅದನ್ನು ಕಲಿಸುವುದು ಬಹು ಕಷ್ಟ.

ಲೆಕ್ಕ ಬೇಡವೆಂದು ನರ್ಸಿಂಗ್ ಸೇರುವ ಮಕ್ಕಳಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. 500 ಮಿಲಿಲೀಟರ್ ಸಲೈನನ್ನು 8 ಗಂಟೆಯಲ್ಲಿ ಕೊಡಬೇಕೆಂದು ವೈದ್ಯರು ಕೇಸ್ ಶೀಟಿನಲ್ಲಿ ಬರೆದು ಹೋಗುತ್ತಾರೆ. ಒಂದು ಮಿಲಿಲೀಟರಿಗೆ 20 ಹನಿ ಬೀಳುವ ನಳಿಕೆಯಾದರೆ ಒಟ್ಟು 10,000 ಹನಿ. ಅದನ್ನು 480 ನಿಮಿಷಕ್ಕೆ ಹಂಚಿದರೆ ನಿಮಿಷಕ್ಕೆ ಸುಮಾರು 21 ಹನಿ. ಗಡಿಯಾರವನ್ನು ನೋಡುತ್ತ ಆ 21 ಹನಿಯನ್ನು ಎಣಿಸಿ ನಿಲ್ಲಿಸುವವಳು ದಾದಿಯೇ. ಹೃದಯ ದುರ್ಬಲವಾದ ಮುದುಕರಿಗೆ ಅದೇ ಸಲೈನು ಎರಡು ಗಂಟೆಯಲ್ಲಿ ಹರಿದುಹೋದರೆ ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣಕ್ಕೇ ಸಂಚಕಾರ ಬರಬಹುದು. ಎಳೆಗೂಸಿನ ಔಷಧದಲ್ಲಿ ದಶಮಾಂಶ ಬಿಂದು ಒಂದು ಸ್ಥಾನ ಸರಿದರೆ ಹತ್ತು ಪಟ್ಟು ಮದ್ದು ದೇಹವನ್ನು ಸೇರುತ್ತದೆ. ದೀಪ ಹಿಡಿದ ಮಹಿಳೆ ಎಂದು ನಾವು ಮಕ್ಕಳಿಗೆ ಪಾಠ ಹೇಳುವ ಫ್ಲಾರೆನ್ಸ್ ನೈಟಿಂಗೇಲರ ನಿಜವಾದ ಆಯುಧ ದೀಪವಾಗಿರಲಿಲ್ಲ, ಅಂಕಿಸಂಖ್ಯೆಯಾಗಿತ್ತು. 1854ರಲ್ಲಿ ಕ್ರಿಮಿಯಾ ಯುದ್ಧದ ಆಸ್ಪತ್ರೆಗಳಿಗೆ ಹೋದ ಆಕೆ, ಸೈನಿಕರು ಗಾಯದಿಂದ ಸತ್ತದ್ದಕ್ಕಿಂತ ರೋಗದಿಂದ ಸತ್ತದ್ದೇ ಹೆಚ್ಚೆಂದು ಮುಂದೆ ಲೆಕ್ಕವಿಟ್ಟು, ಚಿತ್ರ ಬರೆದು, ಇಂಗ್ಲೆಂಡಿನ ಸರ್ಕಾರಕ್ಕೆ ತೋರಿಸಿದರು. ಲಂಡನ್ನಿನಲ್ಲಿ ಅವರ ಶುಶ್ರೂಷಾ ಶಾಲೆ 1860ರಲ್ಲಿ ಪ್ರಾರಂಭವಾಯಿತು. ನಮ್ಮ ಶಾಲೆಗಳ ಭಿತ್ತಿಚಿತ್ರಗಳಲ್ಲಿ ದೀಪ ಮಾತ್ರ ಉಳಿದುಕೊಂಡಿದೆ.

ಶುಶ್ರೂಷೆ ಎಂದರೇನೆಂದು ಯಾರಾದರೂ ಕೇಳಿದರೆ ನಾನು ಅರುಣಾ ಶಾನಭಾಗರ ಹೆಸರನ್ನು ಹೇಳುತ್ತೇನೆ. ಅವರು ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಳದೀಪುರದ ಮಗಳು, ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯಲ್ಲಿ, ಅಲ್ಲಿಯ ಒಬ್ಬ ಕೆಲಸಗಾರನಿಂದಲೇ ಕ್ರೂರ ಹಲ್ಲೆಗೆ ಗುರಿಯಾಗಿ, ಮೆದುಳಿಗೆ ಪೆಟ್ಟಾಗಿ, 2015ರ ಮೇ 18ರಂದು ತೀರಿಕೊಳ್ಳುವವರೆಗೆ ಹಾಸಿಗೆಯಲ್ಲಿಯೇ ಇದ್ದರು. ಸುಮಾರು 42 ವರ್ಷಗಳ ಆ ಅವಧಿಯಲ್ಲಿ ಕೆ.ಇ.ಎಂ. ಆಸ್ಪತ್ರೆಯ ದಾದಿಯರು ತಲೆಮಾರಿನ ಬಳಿಕ ತಲೆಮಾರು ಅವರಿಗೆ ಉಣ್ಣಿಸಿದರು, ಮೈ ಒರೆಸಿದರು, ಮಗ್ಗುಲು ಬದಲಿಸಿದರು. ಅವರಿಗೆ ದಯಾಮರಣ ಕೊಡಬೇಕೆಂಬ ಅರ್ಜಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ ಆ ದಾದಿಯರು ಅದನ್ನು ವಿರೋಧಿಸಿದರು; 2011ರಲ್ಲಿ ನ್ಯಾಯಾಲಯವು ಆ ಅರ್ಜಿಯನ್ನು ತಳ್ಳಿಹಾಕಿ, ದಾದಿಯರ ಸೇವೆಯನ್ನು ಹೊಗಳಿತು. ಅಷ್ಟು ವರ್ಷ ಮಲಗಿದ್ದ ದೇಹಕ್ಕೆ ಹಾಸಿಗೆ ಹುಣ್ಣು ಆಗದಂತೆ ಅವರು ನೋಡಿಕೊಂಡಿದ್ದರು. ಈ ಮಾತಿನ ಬೆಲೆ ವೃತ್ತಿಯಲ್ಲಿದ್ದವರಿಗೆ ಮಾತ್ರ ಪೂರ್ಣವಾಗಿ ತಿಳಿದೀತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದೆಂದರೆ ದಿನಕ್ಕೆ 12 ಸಲ. ಅದರಲ್ಲಿ ಯಾವ ವೀರಗಾಥೆಯೂ ಇಲ್ಲ, ಚಪ್ಪಾಳೆಯಿಲ್ಲ, ರೋಗಿಯಿಂದ ಕೃತಜ್ಞತೆಯ ಒಂದು ಮಾತೂ ಬರುವಂತಿರಲಿಲ್ಲ. ಅಂಥ ಕೆಲಸವನ್ನು ನಾಳೆಯೂ ಮಾಡಬಲ್ಲೆನೇ ಎಂದು ಮಗುವು ತನ್ನನ್ನು ತಾನೇ ಕೇಳಿಕೊಳ್ಳಬೇಕು.

ಅರುಣಾ ಅವರ ಕಥೆಗೆ ಇನ್ನೊಂದು ಮಗ್ಗುಲೂ ಇದೆ. ಹೆಣ್ಣುಮಕ್ಕಳನ್ನು ರಾತ್ರಿ ಪಾಳಿಗೆ ಕಳುಹಿಸಲು ಹೆದರುವ ಪಾಲಕರನ್ನು ಹಳೆಯ ಕಾಲದವರೆಂದು ನಗುವುದು ತರವಲ್ಲ. 2024ರ ಆಗಸ್ಟ್ ತಿಂಗಳಲ್ಲಿ ಕೋಲ್ಕತ್ತದ ಸರ್ಕಾರಿ ವೈದ್ಯಕೀಯ ಕಾಲೇಜೊಂದರಲ್ಲಿ ಕರ್ತವ್ಯದಲ್ಲಿದ್ದ ತರುಣ ವೈದ್ಯೆ ಕೊಲೆಯಾದುದನ್ನು ದೇಶವೆಲ್ಲ ಕಂಡಿತು. ಹೆದರಿ ಮಗಳನ್ನು ಮನೆಯಲ್ಲಿ ಕೂಡಿಸುವುದು ಇದಕ್ಕೆ ಪರಿಹಾರವೆಂದು ನಾನು ಒಪ್ಪುವುದಿಲ್ಲ. ಕಾಲೇಜನ್ನು ನೋಡಲು ಹೋದ ತಂದೆ ಕಟ್ಟಡದ ಎತ್ತರವನ್ನು ನೋಡುವ ಬದಲು, ರಾತ್ರಿ ಪಾಳಿಯ ಹುಡುಗಿಯರು ಎಲ್ಲಿ ವಿಶ್ರಮಿಸುತ್ತಾರೆ, ಆ ಕೋಣೆಗೆ ಒಳಗಿನಿಂದ ಅಗಳಿ ಇದೆಯೇ, ಹಾಸ್ಟೆಲಿನಿಂದ ವಾರ್ಡಿಗೆ ಹೋಗುವ ದಾರಿಯಲ್ಲಿ ಬೆಳಕಿದೆಯೇ ಎಂದು ಕೇಳಲಿ. ಕೇಳಿದವನಿಗೆ ಸಿಟ್ಟಿನಿಂದ ಉತ್ತರ ಕೊಡುವ ಸಂಸ್ಥೆಯಿಂದ ಆ ದಿನವೇ ಹಿಂದಿರುಗುವುದು ಲೇಸು.

ಇನ್ನು ನಮ್ಮ ಸಂಕೋಚದ ಮಾತು. ಭಾರತದಲ್ಲಿ ಈ ವೃತ್ತಿಯನ್ನು ಮೊದಲು ಬೆಳೆಸಿದವರು ಬಹುಪಾಲು ಮಿಶನ್ ಆಸ್ಪತ್ರೆಗಳಲ್ಲಿ ತರಬೇತಿ ಹೊಂದಿದ ಕ್ರೈಸ್ತ ಹೆಣ್ಣುಮಕ್ಕಳು. ಇತರರ ಮನೆಗಳಲ್ಲಿ ಪರಪುರುಷನ ಮೈ ಮುಟ್ಟುವುದು, ಮಲಮೂತ್ರ ಎತ್ತುವುದು ಮೈಲಿಗೆಯೆಂಬ ಭಾವನೆ ಗಟ್ಟಿಯಾಗಿತ್ತು. ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಭೋರ್ ಸಮಿತಿಯು ವರದಿ ಸಲ್ಲಿಸಿದಾಗ ದೇಶದಲ್ಲಿ 43,000 ಜನರಿಗೆ ಒಬ್ಬ ದಾದಿಯಂತೆ ಇದ್ದರು. ಕಾಲ ಬಹಳ ಬದಲಾಗಿದೆ, ನಿಜ. ಆದರೂ ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಶರಣರ ಹೆಸರೆತ್ತಿ ವೇದಿಕೆಯಿಂದ ನುಡಿಯುವ ನಾವೇ, ಮನೆಯ ಮಗಳು ಬೆಡ್‌ಪ್ಯಾನ್ ಹಿಡಿಯುತ್ತಾಳೆಂಬ ಸಂಗತಿಯನ್ನು ಬೀಗರ ಮುಂದೆ ಮರೆಮಾಚುವುದುಂಟು. "ದವಾಖಾನೆಯಲ್ಲಿ ಆಫೀಸರ್ ಇದ್ದಾಳೆ" ಎಂದು ಹೇಳಿದ ತಂದೆಯೊಬ್ಬರನ್ನು ನಾನು ಬಲ್ಲೆ. ಅದು ಸುಳ್ಳೂ ಅಲ್ಲ. ಸ್ಟಾಫ್ ನರ್ಸ್ ಎಂಬ ಹುದ್ದೆಗೆ ಈಗ ಶುಶ್ರೂಷಾಧಿಕಾರಿ ಎಂದು ಹೆಸರಾಗಿದೆ. ಹೆಸರು ಬದಲಾದುದು ಸಂತೋಷವೇ. ಆದರೆ ಮಗಳಿಗೆ ಗೊತ್ತಾಗುತ್ತದೆ, ತಂದೆ ಯಾವ ಶಬ್ದವನ್ನು ನುಂಗಿದನೆಂದು. ತನ್ನ ಕೆಲಸದ ಬಗ್ಗೆ ಮನೆಯವರೇ ನಾಚುತ್ತಾರೆಂದು ಅರಿತ ಹುಡುಗಿ ಆ ಕೆಲಸದಲ್ಲಿ ತಲೆಯೆತ್ತಿ ನಿಲ್ಲುವುದು ಹೇಗೆ? ಈ ಸಂಕೋಚವನ್ನು ಬಿಡಲಾರದ ಮನೆಯವರು ಮಗಳನ್ನು ಈ ವೃತ್ತಿಗೆ ಕಳುಹಿಸದಿರುವುದೇ ಉತ್ತಮವೆಂದು ನನ್ನ ಸ್ಪಷ್ಟ ಅಭಿಪ್ರಾಯ.

ಇದರ ವಿರುದ್ಧ ದಿಕ್ಕಿನ ಅಪಾಯವೂ ಇದೆ. ಸಭೆಗಳಲ್ಲಿ ದಾದಿಯರನ್ನು ದೇವತೆಗಳೆಂದು, ಸೇವೆಯ ಮೂರ್ತಿಗಳೆಂದು ಹೊಗಳುವವರು, ಸಂಬಳದ ಮಾತು ಬಂದೊಡನೆ, "ಸೇವೆಗೆ ಬೆಲೆ ಕಟ್ಟಲಾದೀತೇ?" ಎನ್ನುತ್ತಾರೆ. ಕಟ್ಟಲಾಗುತ್ತದೆ. ಖಾಸಗಿ ಆಸ್ಪತ್ರೆಗಳ ದಾದಿಯರ ದುಸ್ಥಿತಿಯ ಕುರಿತಾದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ಕೊಟ್ಟ ನಿರ್ದೇಶನದಂತೆ ರಚಿತವಾದ ಸಮಿತಿಯು, 50ಕ್ಕಿಂತ ಕಡಿಮೆ ಹಾಸಿಗೆಗಳ ಆಸ್ಪತ್ರೆಯಲ್ಲಿಯೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಕೂಡದೆಂದೂ, 200ಕ್ಕಿಂತ ಹೆಚ್ಚು ಹಾಸಿಗೆಗಳುಳ್ಳಲ್ಲಿ ರಾಜ್ಯ ಸರ್ಕಾರದ ದಾದಿಯರ ಸಮಾನ ವೇತನ ಕೊಡಬೇಕೆಂದೂ ಶಿಫಾರಸು ಮಾಡಿತು. ನಾನು ಬಲ್ಲ ಸಣ್ಣ ಊರುಗಳ ಎಷ್ಟೋ ನರ್ಸಿಂಗ್ ಹೋಮುಗಳಲ್ಲಿ ಆ ಶಿಫಾರಸು ಇಂದಿಗೂ ಕಾಗದದ ಮೇಲೆಯೇ ಇದೆ. ಸರ್ಕಾರಿ ನೌಕರಿ ದೊರೆತರೆ ವೇತನ ಗೌರವಯುತವಾದುದು. ಆದರೆ ಅಲ್ಲಿಯೂ ಇತ್ತೀಚಿನ ವರ್ಷಗಳಲ್ಲಿ ಗುತ್ತಿಗೆಯ ನೇಮಕಾತಿ ಹೆಚ್ಚಿ, ಕಾಯಂ ಆಗುವ ಆಸೆಯಲ್ಲಿ ಹತ್ತಾರು ವರ್ಷ ಸವೆಸಿದವರಿದ್ದಾರೆ. ಈ ಲೆಕ್ಕವನ್ನು ಮಗುವಿಗೆ ಮೊದಲೇ ಬಿಡಿಸಿ ಹೇಳುವುದು ಗುರುಗಳ ಕರ್ತವ್ಯ. ಸೇವಾಭಾವದ ಭಾಷಣ ಕೇಳಿ ಸೇರಿದವಳಿಗೆ ಮೊದಲ ಸಂಬಳದ ದಿನ ಆಘಾತವಾಗಬಾರದು.

ದುಡಿಮೆಯ ಭಾರದ ಬಗೆಗೂ ಮುಚ್ಚುಮರೆ ಬೇಡ. ಭಾರತೀಯ ಶುಶ್ರೂಷಾ ಪರಿಷತ್ತು ರೂಪಿಸಿದ ಮಾನದಂಡದಂತೆ ಸಾಮಾನ್ಯ ವಾರ್ಡಿನಲ್ಲಿ, ಬೋಧನಾ ಆಸ್ಪತ್ರೆಯಾದರೆ ಮೂವರು ರೋಗಿಗಳಿಗೆ ಒಬ್ಬರು, ಇತರ ಆಸ್ಪತ್ರೆಯಾದರೆ ಐವರಿಗೆ ಒಬ್ಬರು ದಾದಿ ಇರಬೇಕು. ನಾನು ಕೆಲಸ ಮಾಡಿದ ಆಸ್ಪತ್ರೆಯೊಂದರಲ್ಲಿ 40 ಹಾಸಿಗೆಗಳ ವಾರ್ಡಿಗೆ ರಾತ್ರಿ ಎಂಟರಿಂದ ಬೆಳಗಿನ ಎಂಟರವರೆಗೆ ನಾನೊಬ್ಬಳೇ ಇದ್ದ ತಿಂಗಳುಗಳುಂಟು. ಹಾಸಿಗೆ ಸಾಲದೆ ನೆಲದ ಮೇಲೆ ಮಲಗಿದವರು ಆ ಲೆಕ್ಕದಲ್ಲಿಲ್ಲ. ಕಾಲಿನ ನರಗಳು ಉಬ್ಬುತ್ತವೆ, ಸೊಂಟ ಹಿಡಿಯುತ್ತದೆ. ಸೂಜಿ ಚುಚ್ಚಿಕೊಳ್ಳುವ ಭಯ ಎಂದೂ ಹೋಗುವುದಿಲ್ಲ. ಹೆಪಟೈಟಿಸ್-ಬಿ ಲಸಿಕೆಯನ್ನು ಮೂರು ಸಲವೂ ಹಾಕಿಸದೆ ಮಕ್ಕಳನ್ನು ವಾರ್ಡಿಗೆ ಬಿಡುವ ಕಾಲೇಜು, ತರಬೇತಿಯ ಉಳಿದ ವಿಷಯಗಳಲ್ಲಿ ಎಷ್ಟು ಎಚ್ಚರವಾಗಿದ್ದೀತೆಂದು ಪಾಲಕರು ಊಹಿಸಿಕೊಳ್ಳಬಹುದು.

ಕಾಲೇಜಿನ ಆಯ್ಕೆಯ ವಿಷಯದಲ್ಲಿ ತುಸು ವಿಸ್ತಾರವಾಗಿ ಬರೆಯುವುದು ಅವಶ್ಯವಾಗಿದೆ. ಏಕೆಂದರೆ ಒಳ್ಳೆಯ ಮನಸ್ಸಿನ ಮಕ್ಕಳು ಹಾಳಾಗುವುದು ಇಲ್ಲಿಯೇ. ನಾಲ್ಕು ವರ್ಷದ ಬಿ.ಎಸ್‌ಸಿ. ನರ್ಸಿಂಗ್‌ಗೆ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಮೂರು ವರ್ಷದ ಜಿ.ಎನ್.ಎಂ. ಶಿಕ್ಷಣಕ್ಕೆ ಕಲಾ ವಿಭಾಗದವರೂ ಸೇರಬಹುದು. ಅದು ಮುಗಿದ ಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಶಿಕ್ಷಣದಿಂದ ಪದವಿಯನ್ನೂ ಪಡೆಯಬಹುದೆಂಬುದು ನಮ್ಮ ಹಳ್ಳಿಯ ಮನೆಗಳಿಗೆ ತಿಳಿದಿಲ್ಲ. ಪ್ರವೇಶ ಯಾವುದೇ ಇರಲಿ, ಈ ವಿದ್ಯೆಯನ್ನು ಕಲಿಸುವುದು ಕಟ್ಟಡವಲ್ಲ, ರೋಗಿಗಳಿಂದ ತುಂಬಿದ ಹಾಸಿಗೆಗಳು. ಕಾಲೇಜಿಗೆ 100 ಹಾಸಿಗೆಗಳ ಮಾತೃ ಆಸ್ಪತ್ರೆ ಇರಬೇಕೆಂದು ಪರಿಷತ್ತು ವಿಧಿಸಿದ್ದು ಅದಕ್ಕಾಗಿಯೇ. ನಮ್ಮ ರಾಜ್ಯದಲ್ಲಿ ಒಂದು ಕಾಲಕ್ಕೆ ನಾಯಿಕೊಡೆಗಳಂತೆ ಎದ್ದ ಕಾಲೇಜುಗಳಲ್ಲಿ, ಹೆರಿಗೆಯನ್ನು ಗೊಂಬೆಯ ಮೇಲೆ ಮಾತ್ರ ಕಂಡು ಪ್ರಮಾಣಪತ್ರ ಪಡೆದು ಬಂದವರಿಗೆ ನಾನು ವಾರ್ಡಿನಲ್ಲಿ ಮೊದಲಿನಿಂದ ಕಲಿಸಬೇಕಾಯಿತು. ತಪ್ಪು ಆ ಹುಡುಗಿಯರದಲ್ಲ. ಆಸ್ಪತ್ರೆಗೆ ತಪಾಸಣೆಯ ದಿನವಲ್ಲದ ದಿನ, ಮಂಗಳವಾರವೋ ಬುಧವಾರವೋ ಬೆಳಗಿನ ಹತ್ತು ಗಂಟೆಗೆ ಹೋಗಿ, ಹೊರರೋಗಿಗಳ ಸಾಲು ಎಷ್ಟು ಉದ್ದವಿದೆಯೆಂದು ನೋಡಿರಿ. ಸಾಲೇ ಇಲ್ಲದಲ್ಲಿ ಕಲಿಕೆಯೂ ಇರುವುದಿಲ್ಲ. ಮೂಲ ಪ್ರಮಾಣಪತ್ರಗಳನ್ನು ಕಾಲೇಜಿನಲ್ಲಿಯೇ ಇಟ್ಟುಕೊಳ್ಳುತ್ತೇವೆ, ಓದು ಮುಗಿದ ಮೇಲೆ ನಮ್ಮಲ್ಲಿಯೇ ಇಷ್ಟು ವರ್ಷ ದುಡಿಯಬೇಕು ಎನ್ನುವವರ ಕಾಗದಕ್ಕೆ ಸಹಿ ಹಾಕಬೇಡಿರಿ. ಈ ಸಂಚಿಕೆಯ ದಾನಿಗಳಲ್ಲಿ ನನ್ನ ಪ್ರಾರ್ಥನೆ ಇಷ್ಟೆ: ಬಡ ಮಗುವಿನ ಮೊದಲ ವರ್ಷದ ಫೀ ಕಟ್ಟುವ ಮೊದಲು ಅದು ಸೇರಲಿರುವ ಸಂಸ್ಥೆಯ ಆಸ್ಪತ್ರೆಯನ್ನು ಒಮ್ಮೆ ಕಣ್ಣಾರೆ ಕಂಡು ಬನ್ನಿರಿ.

ವಿದೇಶದ ಆಸೆಯನ್ನು ನಾನು ನಿಂದಿಸುವವಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2025ರಲ್ಲಿ ಹೊರತಂದ ವರದಿಯಂತೆ 2023ರಲ್ಲಿ ಜಗತ್ತಿಗೆ 58 ಲಕ್ಷ ದಾದಿಯರ ಕೊರತೆಯಿತ್ತು. ನಮ್ಮ ಮಕ್ಕಳು ಅಲ್ಲಿಗೆ ಹೋಗಿ ಮನೆಯ ಸಾಲ ತೀರಿಸಿದರೆ ಅದರಲ್ಲಿ ದೋಷವೇನು? ಆದರೆ ಜರ್ಮನಿಗೆ ಹೋಗಬೇಕಾದರೆ ಜರ್ಮನ್ ಭಾಷೆಯನ್ನು ಬಿ-2 ಮಟ್ಟದವರೆಗೆ ಕಲಿಯಬೇಕು. ಇಂಗ್ಲೆಂಡಿಗಾದರೆ ಇಂಗ್ಲಿಷ್ ಪರೀಕ್ಷೆಯ ಜೊತೆಗೆ ಕಂಪ್ಯೂಟರಿನಲ್ಲಿ ಒಂದು, ಕೈಕೆಲಸದಲ್ಲಿ ಒಂದು ಪರೀಕ್ಷೆ ಕೊಡಬೇಕು. ಇವೆಲ್ಲಕ್ಕೆ ತಳಹದಿ ಇಲ್ಲಿಯ ವಾರ್ಡಿನ ಅನುಭವವೇ. "ಓದು ಮುಗಿದೊಡನೆ ವಿಮಾನ" ಎನ್ನುವ ದಲ್ಲಾಳಿಯ ಮಾತನ್ನು ನಂಬಿ ಹೊಲ ಮಾರಿದವರಿದ್ದಾರೆ. ಕೊಲ್ಲಿ ರಾಷ್ಟ್ರಗಳಿಗೆ ದಾದಿಯರ ನೇಮಕಾತಿಯು ಸರ್ಕಾರಿ ಸಂಸ್ಥೆಗಳ ಮೂಲಕ ನಡೆಯಬೇಕೆಂದು ಕೇಂದ್ರ ಸರ್ಕಾರವು 2015ರಲ್ಲಿ ನಿಯಮ ಮಾಡಬೇಕಾಗಿ ಬಂದುದು ಇಂಥವರ ಹಾವಳಿಯಿಂದಲೇ.

ಗಂಡುಮಕ್ಕಳ ವಿಷಯವನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ನಮ್ಮ ಭಾಗದ ಹುಡುಗರು ಈ ವೃತ್ತಿಗೆ ಬರುತ್ತಿರುವುದು ನನಗೆ ಸಂತೋಷ ತಂದಿದೆ. ವಾರ್ಡಿನಲ್ಲಿ 'ಬ್ರದರ್' ಎಂದು ಕರೆಸಿಕೊಳ್ಳುವ ಈ ತರುಣರು ಭಾರವಾದ ರೋಗಿಯನ್ನು ಎತ್ತಲಿಕ್ಕೆ ಮಾತ್ರ ಉಪಯೋಗವೆಂದು ಭಾವಿಸುವವರು, ನಾನು ಕಂಡ ಅತ್ಯಂತ ಮೃದುವಾದ ಕೈಗಳಲ್ಲಿ ಎರಡು ಒಬ್ಬ ಬ್ರದರನವಾಗಿದ್ದವೆಂದು ತಿಳಿಯಲಿ. ಆದರೆ ಹೆರಿಗೆ ವಾರ್ಡಿನ ಕೆಲಸ ಅವರಿಗೆ ದೊರೆಯುವುದು ಕಷ್ಟ. ಕೆಲವು ನೇಮಕಾತಿಗಳಲ್ಲಿ ಮಹಿಳೆಯರಿಗೇ ಬಹುಪಾಲು ಹುದ್ದೆಗಳು ಮೀಸಲು. ಇದನ್ನು ತಿಳಿದೇ ಸೇರಬೇಕು.

ಹಾಗಾದರೆ ನಿರ್ಣಯ ಮಾಡುವುದು ಹೇಗೆ? ಪುಸ್ತಕ ಓದಿಸಿ, ಭಾಷಣ ಕೇಳಿಸಿ, ಈ ಪ್ರಶ್ನೆಗೆ ಉತ್ತರ ಪಡೆಯಲಾಗದು. ಎತ್ತನ್ನು ಕೊಳ್ಳುವ ರೈತ ಅದನ್ನು ನೊಗಕ್ಕೆ ಕಟ್ಟಿ ನೋಡುತ್ತಾನೆ. ಮಗುವಿನ ಇಡೀ ಜೀವಮಾನದ ನೊಗವನ್ನು ನಾವು ನೋಡದೆಯೇ ಹೂಡುತ್ತೇವೆ. ನನ್ನ ಸೂಚನೆ ಇದು. ನಮ್ಮ ಪದವಿಪೂರ್ವ ವಿಭಾಗದಲ್ಲಿ ಶುಶ್ರೂಷಾ ವೃತ್ತಿಯನ್ನು ಬಯಸುವ ಮಕ್ಕಳನ್ನು, ದಸರಾ ರಜೆಯಲ್ಲಿ ಮೂರು ದಿನ ನಮ್ಮ ತಾಲ್ಲೂಕು ಆಸ್ಪತ್ರೆಗೆ ಕಳುಹಿಸಬೇಕು. ಎರಡು ಹಗಲು ಸಾಮಾನ್ಯ ವಾರ್ಡಿನಲ್ಲಿ, ಒಂದು ರಾತ್ರಿ ಪೂರ್ತಿ ತುರ್ತು ವಿಭಾಗದ ಬದಿಯಲ್ಲಿ. ಅವರು ರೋಗಿಗಳನ್ನು ಮುಟ್ಟಬೇಕಿಲ್ಲ, ಮುಟ್ಟಲೂ ಕೂಡದು. ಮೊಬೈಲುಗಳನ್ನು ಶಾಲೆಯಲ್ಲಿಯೇ ಬಿಟ್ಟು ಹೋಗಬೇಕು. ರೋಗಿಯು ಬೇಡವೆಂದರೆ ಹೊರಗೆ ನಿಲ್ಲಬೇಕು. ಸುಮ್ಮನೆ ನಿಂತು ನೋಡಲಿ. ಬೆಳಗಿನ ಜಾವ ನಾಲ್ಕು ಗಂಟೆಯ ಹೊತ್ತಿಗೆ ಯಾರ ಕಣ್ಣು ಮೂಲೆಯ ಹಾಸಿಗೆಯ ರೋಗಿಯ ಮೇಲಿರುತ್ತದೆ, ಯಾರ ಕಣ್ಣು ಬಾಗಿಲಿನ ಮೇಲಿರುತ್ತದೆ ಎಂಬುದನ್ನು ಜೊತೆಗಿದ್ದ ಉಪಾಧ್ಯಾಯಿನಿಯೂ ಬಲ್ಲಳು, ಆ ಮಗುವೂ ಬಲ್ಲುದು. ಮೂರು ದಿನಗಳ ಬಳಿಕ ಹತ್ತು ಮಕ್ಕಳಲ್ಲಿ ಆರು ಮಂದಿ ಬೇಡವೆಂದರೆ, ಆರು ಮನೆಗಳ ಹಣವೂ ಆರು ಮಕ್ಕಳ ನಾಲ್ಕು ವರ್ಷಗಳೂ ಉಳಿದಂತಾಯಿತು. ಬೇಕೆಂದ ನಾಲ್ವರು 'ಆದರೂ' ಎಂಬ ಬಾಗಿಲಿನಿಂದ ಬಂದವರಾಗಿರುವುದಿಲ್ಲ. ನಮ್ಮ ದಾನಿಗಳ ವಿದ್ಯಾರ್ಥಿವೇತನ ಆ ನಾಲ್ವರಿಗೆ ನಾಲ್ಕು ವರ್ಷವೂ ನಡುವೆ ನಿಲ್ಲದಂತೆ ಸಲ್ಲಲಿ.

ಇದಕ್ಕೆ ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗಳ ಲಿಖಿತ ಅನುಮತಿಯೂ ಪಾಲಕರ ಒಪ್ಪಿಗೆ ಪತ್ರವೂ ಬೇಕಾಗುತ್ತವೆ. ಆಡಳಿತ ಮಂಡಳಿಯವರು ಮನಸ್ಸು ಮಾಡಿದರೆ ಬರುವ ದಸರೆಗೇ ಮೊದಲ ತಂಡ ಹೊರಡಬಹುದು. ರಾತ್ರಿಯ ಪಾಳಿಗೆ ಮಕ್ಕಳ ಜೊತೆಗೆ ಬರಲು ನಾನು ಸಿದ್ಧಳಿದ್ದೇನೆ. ಊಟ ಮಾಡಿಕೊಂಡು, ಒಂದು ನೋಟುಪುಸ್ತಕ ಹಿಡಿದು, ಸದ್ದಾಗದ ಮೆತ್ತನೆಯ ಚಪ್ಪಲಿ ಮೆಟ್ಟಿಕೊಂಡು ಎಂಟು ಗಂಟೆಗೆ ಹತ್ತು ನಿಮಿಷ ಮೊದಲೇ ಬರಬೇಕೆಂದು ಗುರುಗಳು ಅವರಿಗೆ ತಿಳಿಸಿರಲಿ.